ಘಾಟಿ ಇಳಿಯುವ ಮೊದಲು ಬ್ಯಾಟರಿ ತುಂಬಿಸಬೇಡಿ

ತಾಯಿಫ್‌ನಿಂದ ಮಕ್ಕಾಕ್ಕೆ ಇಳಿಯುವ ಅಲ್-ಹದಾ ಘಾಟಿಯ ನಡುವೆ ನಮ್ಮ ಕಾರಿನೊಳಗೆ ಸುಟ್ಟ ವಾಸನೆ ಬಂತು. ವಾದಿ ಮಹ್ರಮ್‌ನಲ್ಲಿ ಇಹ್ರಾಮ್ ಕಟ್ಟಿ ಹೊರಟು ಅರ್ಧ ಗಂಟೆಯೂ ಆಗಿರಲಿಲ್ಲ. ತಲ್ಬಿಯತ್ ಹೇಳುತ್ತಿದ್ದ ಮಕ್ಕಳು ಸುಮ್ಮನಾದರು. ಹಿಂದಿನ ಸೀಟಿನಲ್ಲಿದ್ದ ನನ್ನ ಅತ್ತೆ, "ಎಂಥದು ಮೋನೇ, ಬೆಂಕಿಯಾ?" ಎಂದು ಕೇಳಿದರು. ಸ್ಟೀರಿಂಗ್ ಹಿಡಿದಿದ್ದ ಭಾವ ಉತ್ತರ ಕೊಡಲಿಲ್ಲ. ಎದುರಿಗೆ ತಿರುವಿನ ಮೇಲೆ ತಿರುವು, ಕೆಳಗೆ ನೋಡಿದರೆ ತಲೆ ತಿರುಗುವ ಆಳ. ಬ್ರೇಕ್ ಮೇಲಿನ ಕಾಲು ತೆಗೆಯುವ ಹಾಗೆಯೂ ಇಲ್ಲ, ಒತ್ತುತ್ತಲೇ ಇರುವ ಹಾಗೆಯೂ ಇಲ್ಲ.

ಸ್ವಲ್ಪ ಮುಂದೆ ರಸ್ತೆ ಬದಿ ಅಗಲ ಜಾಗ ಸಿಕ್ಕಿತು. ನಿಲ್ಲಿಸಿ ಇಳಿದು ನೋಡಿದರೆ ಮುಂದಿನ ಎರಡು ಚಕ್ರದ ಹತ್ತಿರ ಕೈ ಇಡಲಾಗದಷ್ಟು ಬಿಸಿ. ನಮ್ಮನ್ನು ಕಂಡು ಮಂಗಗಳ ಹಿಂಡೊಂದು ಬಿಸ್ಕತ್ತಿನ ಆಸೆಗೆ ಹತ್ತಿರ ಬಂತು. ನಾನು ನೀರಿನ ಬಾಟ್ಲಿ ತೆಗೆದು ಚಕ್ರಕ್ಕೆ ಹೊಯ್ಯಲು ಹೋದೆ. ಭಾವ ತಡೆದ. ಕಾದ ಬ್ರೇಕ್ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಮುಕ್ಕಾಲು ಗಂಟೆ ಹಾಗೆಯೇ ಕೂತೆವು. ಅಲ್ಲಾಹನ ಕೃಪೆ, ಮತ್ತೆ ಏನೂ ಆಗದೆ ಕೆಳಗೆ ಮುಟ್ಟಿದೆವು.

ತಪ್ಪು ಕಾರಿನದ್ದಲ್ಲ, ನಮ್ಮದು. ಆ ತಪ್ಪು ಏನು ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಇಂದು ಗಲ್ಫ್‌ನಲ್ಲಿರುವ ನಮ್ಮ ಮಕ್ಕಳು, ಅಳಿಯಂದಿರು ಇಂಥ ಕಾರು ಕೊಳ್ಳುತ್ತಿದ್ದಾರೆ, ಅದರಲ್ಲೇ ಮನೆಯವರನ್ನು ಉಮ್ರಕ್ಕೆ ಕರೆದೊಯ್ಯುತ್ತಾರೆ. ಹಾಗಾಗಿ ಬರೆಯುವ ಎಂದು ಕಂಡಿತು.

ಎರಡು ಹೊಟ್ಟೆಯ ಕಾರು

ಭಾವ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ರಮಳಾನಿನ ಮದ್ರಸ ರಜೆಯಲ್ಲಿ ನಾವು ವಿಸಿಟ್ ವೀಸಾದಲ್ಲಿ ಹೋಗಿದ್ದೆವು. ಪೆರ್ನಾಲ್ ಕಳೆದ ಮೂರನೇ ದಿನ ಉಮ್ರಕ್ಕೆ ಹೊರಟದ್ದು ಅವನ ಹೊಸ ಏಳು ಸೀಟಿನ ಪ್ಲಗ್-ಇನ್ ಹೈಬ್ರಿಡ್ ಕಾರಿನಲ್ಲಿ. ಕಂಪೆನಿಯ ಹೆಸರು ಇಲ್ಲಿ ಬೇಡ. ಈಗ ಹಲವು ಕಂಪೆನಿಗಳ ಕಾರುಗಳಿಗೆ ಇದೇ ಲೆಕ್ಕ.

ಪ್ಲಗ್-ಇನ್ ಹೈಬ್ರಿಡ್ ಅಂದರೆ ಎರಡು ಹೊಟ್ಟೆಯ ಕಾರು. ಒಂದಕ್ಕೆ ಪೆಟ್ರೋಲ್, ಇನ್ನೊಂದಕ್ಕೆ ಕರೆಂಟ್. ರಾತ್ರಿ ಮನೆಯ ಪ್ಲಗ್‌ಗೆ ಸಿಕ್ಕಿಸಿದರೆ ಬೆಳಿಗ್ಗೆ ಬ್ಯಾಟರಿ ತುಂಬಿರುತ್ತದೆ. ಐವತ್ತು ಅರುವತ್ತು ಕಿಲೋಮೀಟರ್ ಪೆಟ್ರೋಲ್ ಮುಟ್ಟದೆ ಹೋಗಬಹುದು. ಅದು ಮುಗಿದ ಮೇಲೆ ಪೆಟ್ರೋಲ್ ಎಂಜಿನ್ ಶುರುವಾಗುತ್ತದೆ. ಇಂಥ ಕಾರು ಕಾರ್ಖಾನೆಯಲ್ಲಿ ದೊಡ್ಡ ಮಟ್ಟದಲ್ಲಿ ತಯಾರಾಗಿ ಮೊದಲು ಮಾರಾಟಕ್ಕೆ ಬಂದದ್ದು 2008ರ ಡಿಸೆಂಬರ್‌ನಲ್ಲಿ, ಚೀನಾದಲ್ಲಿ. ಅದು ಬಿವೈಡಿಯ ಎಫ್3ಡಿಎಂ. 2010ರ ಕೊನೆಗೆ ಅಮೆರಿಕದಲ್ಲಿ ಶೆವರ್ಲೆ ವೋಲ್ಟ್ ಬಂತು, 2013ರಲ್ಲಿ ಜಪಾನಿನಲ್ಲಿ ಮಿತ್ಸುಬಿಷಿ ಔಟ್‌ಲ್ಯಾಂಡರ್.

ನಮ್ಮ ಊರಲ್ಲಿ ಕಾಣುವ ಇನ್ನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳಿಗೆ ಪ್ಲಗ್ ಇಲ್ಲ. ಅವುಗಳ ಬ್ಯಾಟರಿ ಚಿಕ್ಕದು, ಓಡುವಾಗ ತಾನೇ ತುಂಬಿಕೊಳ್ಳುತ್ತದೆ. ಹೈಬ್ರಿಡ್ ಎಂದ ಕೂಡಲೇ ಎಲ್ಲ ಒಂದೇ ಎಂದು ತಿಳಿಯಬಾರದು.

ಭಾವನ ಕಾರಿನ ಬ್ಯಾಟರಿ 18 ಯೂನಿಟ್‌ನದ್ದು. ಯೂನಿಟ್ ಅಂದರೆ ಮೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಸೌದಿಯಲ್ಲಿ ಮನೆ ಬಳಕೆಯ ಕರೆಂಟಿಗೆ ತಿಂಗಳಿಗೆ 6,000 ಯೂನಿಟ್‌ವರೆಗೆ ಯೂನಿಟ್‌ಗೆ 18 ಹಲಲ, ಅದರ ಮೇಲೆ ಶೇಕಡಾ 15 ವ್ಯಾಟ್. ಚಾರ್ಜ್ ಆಗುವಾಗ ಸೋರುವುದನ್ನೂ ಸೇರಿಸಿದರೆ ಒಂದು ಸಲ ತುಂಬಲು ಸುಮಾರು ನಾಲ್ಕು ರಿಯಾಲ್. ಅಷ್ಟೇ ದೂರ ಪೆಟ್ರೋಲ್‌ನಲ್ಲಿ ಹೋಗಲು, 91 ಪೆಟ್ರೋಲ್ ಲೀಟರ್‌ಗೆ 2.18 ರಿಯಾಲ್‌ನಂತೆ, ಎಂಟು ಹತ್ತು ರಿಯಾಲ್ ಬೇಕು. ದಿನಾ ಕೆಲಸಕ್ಕೆ ಹೋಗಿ ಬರುವವನಿಗೆ ದಿನಕ್ಕೆ ಐದಾರು ರಿಯಾಲ್ ಉಳಿಯಿತು. ತಿಂಗಳಿಗೆ ನೂರಮೂವತ್ತು, ನೂರೈವತ್ತು. ಅದು ಸಣ್ಣ ಮಾತಲ್ಲ.

ಆದರೆ ಭಾವನ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂತಿತ್ತು. ಊರೊಳಗೆ ಇಷ್ಟು ಉಳಿಯುತ್ತದೆ ಎಂದರೆ ಮಕ್ಕಾಕ್ಕೆ ಹೋಗಿ ಬರುವಾಗ ಎಷ್ಟು ಉಳಿದೀತು ಎಂದು.

ಕೊಡದ ಎದುರು ಲೋಟ

ದಮ್ಮಾಮ್‌ನಿಂದ ರಿಯಾದ್, ಅಲ್ಲಿಂದ ತಾಯಿಫ್, ಮತ್ತೆ ಮಕ್ಕಾ. ಎಲ್ಲ ಸೇರಿ 1,250 ಕಿಲೋಮೀಟರ್ ದಾಟುತ್ತದೆ. ನಾನು ಪಿಯುಸಿಯಲ್ಲಿ ಕಲಿತ ಫಿಸಿಕ್ಸ್ ಸ್ವಲ್ಪ ನೆನಪಿತ್ತು. ಮಕ್ಕಾದ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆ.

ಒಂದು ಲೀಟರ್ ಪೆಟ್ರೋಲ್‌ನೊಳಗೆ ಸುಮಾರು ಒಂಬತ್ತು ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಮೂರನೇ ಎರಡು ಪಾಲನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ. ಚಕ್ರಕ್ಕೆ ಸಿಗುವುದು ಹೆಚ್ಚು ಕಡಿಮೆ ಮೂರು ಯೂನಿಟ್. ಬ್ಯಾಟರಿಯಲ್ಲಿ ಬಳಸಲು ಸಿಗುವುದು ಹದಿನೈದು ಯೂನಿಟ್ ಎಂದಿಟ್ಟುಕೊಳ್ಳಿ. ಅಂದರೆ ತುಂಬಿದ ಬ್ಯಾಟರಿ ನಾಲ್ಕೈದು ಲೀಟರ್ ಪೆಟ್ರೋಲ್‌ಗೆ ಸಮ. ಮಕ್ಕಾ ಮುಟ್ಟಲು ನಾವು ಸುಟ್ಟದ್ದು 112 ಲೀಟರ್! ಕೊಡದ ಎದುರು ಒಂದು ಲೋಟ ಇಟ್ಟ ಹಾಗೆ.

ದೂರ ಪ್ರಯಾಣದಲ್ಲಿ ಬ್ಯಾಟರಿಯಿಂದಲೇ ಪೆಟ್ರೋಲ್ ಉಳಿಯುತ್ತದೆ ಎಂಬ ಆಸೆ ಬಿಡಬೇಕು. ಲೋಟದ ನೀರನ್ನು ಎಲ್ಲಿ ಕುಡಿಯಬೇಕು ಎಂದು ಗೊತ್ತಿರಬೇಕು, ಅಷ್ಟೇ.

ನಾವು ಎಲ್ಲಿ ಕುಡಿದೆವು? ದಮ್ಮಾಮ್ ಬಿಟ್ಟ ಕೂಡಲೇ ಹೆದ್ದಾರಿಯಲ್ಲಿ. ಬ್ಯಾಟರಿ ತುಂಬಿತ್ತು, ಭಾವ ಕರೆಂಟಿನಲ್ಲೇ 130ರಲ್ಲಿ ಬಿಟ್ಟ. ಐವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಖಾಲಿ. ಮುಂದೆ ರಿಯಾದ್‌ನ ಸಂಜೆಯ ಟ್ರಾಫಿಕ್ ಸಿಕ್ಕಿತು, ಒಂದೊಂದೇ ಅಡಿ ಹೋಗುವ ಜಾಗ. ಅಲ್ಲಿ ಎಂಜಿನ್ ಗುರುಗುಟ್ಟುತ್ತಾ ಪೆಟ್ರೋಲ್ ಸುಟ್ಟಿತು.

ಇದು ಪೂರಾ ಉಲ್ಟಾ. ಪೆಟ್ರೋಲ್ ಎಂಜಿನ್‌ಗೆ ಸಮನಾದ ಹೆದ್ದಾರಿ, ಒಂದೇ ವೇಗ ಸಿಕ್ಕಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಂತು ನಿಂತು ಹೋಗುವಾಗ ಅದರಷ್ಟು ದಂಡ ಬೇರೆ ಇಲ್ಲ. ಕರೆಂಟ್ ಮೋಟಾರ್‌ಗೆ ಟ್ರಾಫಿಕ್ ಕಷ್ಟವೇ ಅಲ್ಲ. ನಿಂತಾಗ ಏನೂ ತಿನ್ನುವುದಿಲ್ಲ, ಬ್ರೇಕ್ ಒತ್ತಿದಾಗ ಸ್ವಲ್ಪ ವಾಪಸ್ ಕೊಡುತ್ತದೆ. ಹಾಗಾಗಿ ಹೆದ್ದಾರಿಗೆ ಪೆಟ್ರೋಲ್, ಪೇಟೆಗೆ ಬ್ಯಾಟರಿ. ಇಂಥ ಹೆಚ್ಚಿನ ಕಾರುಗಳಲ್ಲಿ ಇದಕ್ಕೆಂದೇ ಸೇವ್ ಅಥವಾ ಹೋಲ್ಡ್ ಎಂಬ ಬಟನ್ ಉಂಟು. ಅದನ್ನು ಒತ್ತಿದರೆ ಬ್ಯಾಟರಿ ಇದ್ದಷ್ಟೇ ಇರುತ್ತದೆ, ಎಂಜಿನ್ ಓಡುತ್ತದೆ. ಪೇಟೆ ಬಂದಾಗ ಬಿಟ್ಟರಾಯಿತು.

ಚಾರ್ಜ್ ಬಟನ್ನಿನ ಮೋಸ

ರಿಯಾದ್ ದಾಟಿದ ಮೇಲೆ ಭಾವನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಕಾರಿನಲ್ಲಿ ಚಾರ್ಜ್ ಎಂಬ ಬಟನ್ ಇತ್ತು. ಅದನ್ನು ಒತ್ತಿದರೆ ಎಂಜಿನ್ ಕಾರು ಓಡಿಸುತ್ತಲೇ ಬ್ಯಾಟರಿಯನ್ನೂ ತುಂಬುತ್ತದೆ. "ನೋಡು ಉಸ್ತಾದ್, ಓಡುತ್ತಾ ಓಡುತ್ತಾ ಫ್ರೀ ಕರೆಂಟ್" ಎಂದ. ನಾನೂ ಮಾಶಾ ಅಲ್ಲಾಹ್ ಎಂದೆ.

ಫ್ರೀ ಎಲ್ಲಿಂದ ಬರಬೇಕು ಮಾರಾಯ್ರೆ? ಆ ಕರೆಂಟ್ ಹುಟ್ಟುವುದೇ ಪೆಟ್ರೋಲ್‌ನಿಂದ. ಎಂಜಿನ್‌ನಿಂದ ಜನರೇಟರ್‌ಗೆ, ಅಲ್ಲಿಂದ ಬ್ಯಾಟರಿಗೆ, ಮತ್ತೆ ಮೋಟಾರ್‌ಗೆ. ಪ್ರತಿ ಕೈ ಬದಲಾವಣೆಗೂ ಸ್ವಲ್ಪ ಸೋರುತ್ತದೆ. ನೂರರ ನೋಟಿಗೆ ಚಿಲ್ಲರೆ ತರಲು ಹೋಗಿ ಎಂಬತ್ತು ರೂಪಾಯಿ ತಂದ ಹಾಗೆ. ಮುಂದೆ ದೊಡ್ಡ ಏರು ಇದ್ದು ಬ್ಯಾಟರಿ ಬೇಕೇ ಬೇಕು ಎಂದಾದರೆ ಮಾತ್ರ ಆ ಬಟನ್ ಒತ್ತಬಹುದು. ಇಲ್ಲವಾದರೆ ಅದು ಖರ್ಚಿನ ಬಟನ್.

ನಮಗೆ ಮುಂದೆ ಇದ್ದದ್ದು ಏರಲ್ಲ, ಇಳಿಜಾರು. ದಮ್ಮಾಮ್ ಸಮುದ್ರದ ದಡ. ರಿಯಾದ್ ಸುಮಾರು 600 ಮೀಟರ್ ಎತ್ತರ. ಅಲ್ಲಿಂದ ಗೊತ್ತೇ ಆಗದ ಹಾಗೆ ಏರುತ್ತಾ ಏರುತ್ತಾ ತಾಯಿಫ್‌ಗೆ 1,700 ಮೀಟರ್ ಆಗುತ್ತದೆ. ಅಲ್-ಹದಾದ ತುದಿಗೆ ಹತ್ತಿರ 2,000. ಆಮೇಲೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್‌ನಲ್ಲಿ ರಸ್ತೆ ಒಮ್ಮೆಲೇ ಕೆಳಗೆ ಬೀಳುತ್ತದೆ. ಮಕ್ಕಾ ಇರುವುದು ಬರೀ 300 ಮೀಟರ್ ಹತ್ತಿರ.

ಎರಡೂವರೆ ಟನ್ ತೂಕದ ಕಾರು 1,400 ಮೀಟರ್ ಇಳಿದರೆ ಒಂಬತ್ತು ಯೂನಿಟ್‌ಗೂ ಮಿಕ್ಕಿ ಶಕ್ತಿ ಬಿಡುಗಡೆ ಆಗುತ್ತದೆ. ಅದು ಎಲ್ಲಿಗಾದರೂ ಹೋಗಲೇಬೇಕು. ಮಾಮೂಲಿ ಕಾರಿನಲ್ಲಿ ಬ್ರೇಕಿನ ಬಿಸಿಯಾಗಿ, ಎಂಜಿನ್ನಿನ ತಡೆಯಾಗಿ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಡಿದು ನಿಲ್ಲಿಸುತ್ತದೆ, ಆ ಶಕ್ತಿಯಲ್ಲಿ ಅರ್ಧದಷ್ಟನ್ನು ಬ್ಯಾಟರಿಗೆ ಹಾಕುತ್ತದೆ. ಇದರಿಂದ ಎರಡು ಲಾಭ. ಕರೆಂಟ್ ಸಿಗುತ್ತದೆ, ಬ್ರೇಕ್ ತಣ್ಣಗಿರುತ್ತದೆ.

ಆದರೆ ಬ್ಯಾಟರಿ ಮೊದಲೇ ತುಂಬಿದ್ದರೆ? ಹಾಕಲು ಜಾಗ ಇಲ್ಲ. ಆಗ ಮೋಟಾರಿನ ಹಿಡಿತ ಸಡಿಲವಾಗುತ್ತದೆ, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ನಮಗೆ ಆದದ್ದು ಇದೇ. ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬಿಸಿಕೊಂಡು ಘಾಟಿಯ ತುದಿಗೆ ಬಂದೆವು. ಘಾಟಿ ಪುಕ್ಕಟೆ ಕೊಡುತ್ತೇನೆ ಎಂದಾಗ ಪಾತ್ರೆ ಖಾಲಿ ಇರಲಿಲ್ಲ. ದುಡ್ಡೂ ಹೋಯಿತು, ಬ್ರೇಕೂ ಸುಟ್ಟಿತು. ಏಳು ಜೀವ ಇದ್ದ ಗಾಡಿ.

ಮರಳುವಾಗಿನ ಪಾಠ

ಇಷ್ಟು ಕಲಿತ ಮೇಲೂ ಬರುವಾಗ ಇನ್ನೊಂದು ತಪ್ಪು ಆಯಿತು. ಮಕ್ಕಾದಲ್ಲಿ ನಾಲ್ಕು ದಿನ ಅತ್ತಿತ್ತ ಸುತ್ತಿ ಬ್ಯಾಟರಿ ಖಾಲಿ ಮಾಡಿದ್ದೆವು. ಹೋಟೆಲಿನಲ್ಲಿ ಚಾರ್ಜ್ ಮಾಡಲು ಜಾಗ ಇರಲಿಲ್ಲ. ಅದೇ ಘಾಟಿಯನ್ನು ಈಗ ಹತ್ತಬೇಕು. ಸಹಾಯಕ್ಕೆ ಮೋಟಾರ್ ಇಲ್ಲದೆ ಎಂಜಿನ್ ಒಂದೇ ಎಳೆಯಿತು. ಪ್ರತಿ ತಿರುವಿನಲ್ಲೂ ಅದರ ಕೂಗು ಕೇಳಿ ಅತ್ತೆ ತಸ್ಬೀಹ್ ಗಟ್ಟಿಯಾಗಿ ಹೇಳತೊಡಗಿದರು. ಹಿಂದಿನಿಂದ ಬಂದವರು ಹಾರ್ನ್ ಹೊಡೆದು ದಾಟಿ ಹೋದರು.

ಲೆಕ್ಕ ಸರಳ. ಇಳಿಯುವಾಗ ಬ್ಯಾಟರಿಯಲ್ಲಿ ಜಾಗ ಬೇಕು, ಹತ್ತುವಾಗ ಸರಕು ಬೇಕು. ಘಾಟಿಯ ತುದಿಗೆ ಬರುವಾಗ ಅರ್ಧಕ್ಕಿಂತ ಕಡಿಮೆ ಇರಲಿ. ಬುಡಕ್ಕೆ ಬರುವಾಗ ಅರ್ಧಕ್ಕಿಂತ ಹೆಚ್ಚು ಇರಲಿ. ಮಕ್ಕಾದಲ್ಲಿ ನಾವು ಅರ್ಧ ಉಳಿಸಿಕೊಂಡು, ಬಯಲಿನಲ್ಲಿ ಸೇವ್ ಬಟನ್ ಒತ್ತಿ ಬಂದಿದ್ದರೆ ಸಾಕಿತ್ತು.

ಕಾಲಿನಲ್ಲಿದೆ ಉಳಿತಾಯ

ಈಗ ದೊಡ್ಡ ಉಳಿತಾಯದ ಮಾತು. ಅದು ಯಾವ ಬಟನ್‌ನಲ್ಲೂ ಇಲ್ಲ, ಬಲಗಾಲಿನಲ್ಲಿ ಉಂಟು.

ಸೌದಿಯ ಕೆಲವು ಹೆದ್ದಾರಿಗಳಲ್ಲಿ 2018ರಿಂದ 140ರವರೆಗೆ ಓಡಿಸಲು ಅವಕಾಶ ಇದೆ. ಅವಕಾಶ ಇದೆ ಎಂದರೆ ಓಡಿಸಲೇಬೇಕು ಎಂದಲ್ಲ. ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತದೆ. 110ರ ಬದಲು 140ರಲ್ಲಿ ಹೋದರೆ ವೇಗ ಹೆಚ್ಚಾದದ್ದು ಕಾಲು ಭಾಗದಷ್ಟು, ಗಾಳಿಯ ತಡೆ ಹೆಚ್ಚಾದದ್ದು ಶೇಕಡಾ 60ಕ್ಕೂ ಮೇಲೆ. ಎತ್ತರದ ಏಳು ಸೀಟಿನ ಗಾಡಿಗೆ ಇದು ಇನ್ನೂ ದೊಡ್ಡ ಹೊರೆ.

ಅದರ ಮೇಲೆ ನಮ್ಮವರ ಅಭ್ಯಾಸ, ಟಾಪಿನ ಮೇಲೆ ಸಾಮಾನು ಕಟ್ಟುವುದು. ನಾವೂ ಎರಡು ಸೂಟ್‌ಕೇಸ್, ಒಂದು ಚಾಪೆ, ಒಂದು ಐಸ್ ಬಾಕ್ಸ್ ಕಟ್ಟಿದ್ದೆವು. ಗಾಳಿಗೆ ಎದೆ ಕೊಟ್ಟು ನಿಂತ ಗೋಡೆ ಅದು. ಸಾಮಾನು ಒಳಗೆ ಹಿಡಿಸುವಷ್ಟೇ ಇರಲಿ. ಖಾಲಿ ಕ್ಯಾರಿಯರ್ ಇದ್ದರೆ ಅದನ್ನೂ ಬಿಚ್ಚಿಡಿ.

ಟಯರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲು ನೋಡಬೇಕು. ಬಾಗಿಲಿನ ಚೌಕಟ್ಟಿನ ಹತ್ತಿರ ಅಂಟಿಸಿದ ಚೀಟಿಯಲ್ಲಿ ಎಷ್ಟು ಎಂದು ಇರುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ ಇರುವುದೂ ಉಂಟು. ಮಧ್ಯಾಹ್ನ ಓಡಿ ಕಾದ ಟಯರ್‌ನಲ್ಲಿ ಗಾಳಿ ಜಾಸ್ತಿ ತೋರಿಸಿತು ಎಂದು ಬಿಡಬಾರದು. ರಾತ್ರಿ ತಣ್ಣಗಾದಾಗ ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದರೆ ಪೆಟ್ರೋಲ್ ಹೆಚ್ಚು, ಮರುಭೂಮಿಯ ರಸ್ತೆಯಲ್ಲಿ ಟಯರ್ ಒಡೆಯುವ ಭಯವೂ ಹೆಚ್ಚು.

ಏಸಿ ಬಂದ್ ಮಾಡಿ ಮಕ್ಕಳನ್ನು ಬೇಯಿಸಿ ಎಂದು ನಾನು ಹೇಳುವುದಿಲ್ಲ. ಹೆದ್ದಾರಿಯಲ್ಲಿ ಏಸಿಯ ಖರ್ಚು ಗಾಳಿಯ ತಡೆಯ ಎದುರು ಚಿಕ್ಕದು. ಹೊರಡುವ ಮೊದಲು, ಪ್ಲಗ್ ಇನ್ನೂ ಸಿಕ್ಕಿಸಿರುವಾಗಲೇ ಕಾರನ್ನು ತಂಪು ಮಾಡಿಕೊಂಡರೆ ಆ ಕರೆಂಟ್ ಗೋಡೆಯದ್ದು, ಬ್ಯಾಟರಿಯದ್ದಲ್ಲ. ಒಂದು ಎಚ್ಚರಿಕೆ: ಚಾರ್ಜ್ ಮಾಡಲು ಅಗ್ಗದ ಎಕ್ಸ್‌ಟೆನ್ಶನ್ ವಯರ್ ಬಳಸಬೇಡಿ. ಎಂಟು ಒಂಬತ್ತು ಗಂಟೆ ಒಂದೇ ಸಮ ಕರೆಂಟ್ ಎಳೆಯುವಾಗ ವಯರ್ ಕಾಯುತ್ತದೆ, ಬೆಂಕಿ ಹಿಡಿಯಬಹುದು.

ಕೊಳ್ಳುವ ಮೊದಲು

ಮನೆಯವರು ಮಗನ ಹತ್ತಿರ ಒಂದು ಪ್ರಶ್ನೆ ಕೇಳಿ: "ನೀನು ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಗ್ ಉಂಟಾ?" ಗಲ್ಫ್‌ನ ಫ್ಲ್ಯಾಟ್‌ಗಳಲ್ಲಿ ಇರುವ ನಮ್ಮವರಲ್ಲಿ ಬಹಳ ಮಂದಿ ರಸ್ತೆ ಬದಿ ನಿಲ್ಲಿಸುವವರು. ಪ್ಲಗ್ ಇಲ್ಲದೆ ಪ್ಲಗ್-ಇನ್ ಕೊಂಡರೆ ನೂರೈವತ್ತು ಕಿಲೋಗೂ ಮಿಕ್ಕಿದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗಿದ ಹಾಗೆ. ಅವನಿಗೆ ಪ್ಲಗ್ ಇಲ್ಲದ ಹೈಬ್ರಿಡ್ ಸಾಕು. ಪ್ಲಗ್ ಇದ್ದು, ದಿನದ ಓಡಾಟ ಐವತ್ತು ಅರುವತ್ತು ಕಿಲೋಮೀಟರ್ ಒಳಗೆ ಇದ್ದರೆ ಈ ಕಾರು ಒಳ್ಳೆಯದೇ. ವರ್ಷಕ್ಕೆ ಎರಡು ಸಲ ಉಮ್ರಕ್ಕೆ ಹೋಗುವ ಲೆಕ್ಕದಲ್ಲಿ ಮಾತ್ರ ಕೊಳ್ಳುವುದಾದರೆ ಬೇಡ.

ಊರಲ್ಲಿರುವವರಿಗೂ ಇದರಲ್ಲಿ ಒಂದು ಮಾತು ಉಂಟು. ಈಗ ಮಂಗಳೂರಲ್ಲಿ ಎಲೆಕ್ಟ್ರಿಕ್ ಕಾರುಗಳು ಹೆಚ್ಚಾಗಿವೆ. ಮಡಿಕೇರಿಗೋ ಸಕಲೇಶಪುರಕ್ಕೋ ಹೋಗಿ, ಅಲ್ಲಿ ಶೇಕಡಾ 100 ಚಾರ್ಜ್ ಮಾಡಿ ಸಂಪಾಜೆ ಅಥವಾ ಶಿರಾಡಿ ಘಾಟಿ ಇಳಿಯುವವರಿದ್ದಾರೆ. ಅವರಿಗೂ ಇದೇ ನಿಯಮ. ಮೇಲೆ ಪೂರ್ತಿ ತುಂಬಿಸಬೇಡಿ, ಸ್ವಲ್ಪ ಜಾಗ ಬಿಡಿ. ಘಾಟಿಯೇ ತುಂಬಿಸಿ ಕೊಡುತ್ತದೆ, ಬ್ರೇಕೂ ಉಳಿಯುತ್ತದೆ. ಗೇರ್ ಲಿವರ್‌ನಲ್ಲಿ ಬಿ ಎಂದು ಇದ್ದರೆ ಇಳಿಜಾರಿನಲ್ಲಿ ಅದಕ್ಕೆ ಹಾಕಿ. ಮೋಟಾರಿನ ಹಿಡಿತ ಹೆಚ್ಚುತ್ತದೆ.

ಮೊನ್ನೆ ಭಾವ ತನ್ನ ಹೆಂಡತಿ ಮಕ್ಕಳ ಜೊತೆ ಪುನಃ ಉಮ್ರಕ್ಕೆ ಹೋಗಿದ್ದ. ಟಾಪಿನಲ್ಲಿ ಸಾಮಾನು ಇಲ್ಲ, ಹೆದ್ದಾರಿಯಲ್ಲಿ 110, ರಿಯಾದ್‌ನ ಟ್ರಾಫಿಕ್‌ಗೆ ಬ್ಯಾಟರಿ, ಚಾರ್ಜ್ ಬಟನ್ ಮುಟ್ಟಲೇ ಇಲ್ಲ. ದಮ್ಮಾಮ್‌ನಿಂದ ಮಕ್ಕಾಕ್ಕೆ ಈ ಸಲ 84 ಲೀಟರ್. ಗಾಡಿಯಲ್ಲಿ ಜನ ಕಡಿಮೆ ಇದ್ದರು, ಅದನ್ನೂ ಹೇಳಬೇಕು. ಆದರೂ 28 ಲೀಟರ್ ವ್ಯತ್ಯಾಸ, ಅರುವತ್ತು ರಿಯಾಲ್. ದಾರಿಯಲ್ಲಿ ಹೆಚ್ಚು ಹಿಡಿದದ್ದು ಒಂದೂವರೆ ಗಂಟೆ.

ರಾತ್ರಿ ಮಕ್ಕಾದಿಂದ ವಾಯ್ಸ್ ಕಳಿಸಿದ. ಅಲ್-ಹದಾದ ಮೇಲೆ ಬ್ಯಾಟರಿ ಶೇಕಡಾ 30 ಇತ್ತಂತೆ, ಕೆಳಗೆ ಬಂದಾಗ 54. "ಉಸ್ತಾದ್, ಘಾಟಿ ಕಾಲು ಬ್ಯಾಟರಿ ತುಂಬಿಸಿ ಕೊಟ್ಟಿತು" ಎಂದು ನಗುತ್ತಿದ್ದ. ಅತ್ತೆಗೆ ಅದನ್ನು ಕೇಳಿಸಿದೆ. ಅವರಿಗೆ ಶೇಕಡಾ, ಯೂನಿಟ್ ಯಾವುದೂ ಬೇಡ. "ವಾಸನೆ ಬಂತಾ ಕೇಳು" ಎಂದರು. ಕೇಳಿದೆ. ಬರಲಿಲ್ಲವಂತೆ. ಅಲ್‌ಹಮ್ದುಲಿಲ್ಲಾಹ್ ಎಂದು ಹೇಳಿ ಅವರು ಮಲಗಲು ಹೋದರು.